ಬಾ ಅಂದರೆ ಹೋಗು

ಟಕ್ — ಮತ್ತೆ ಅದೇ ಸದ್ದು, ಅಮ್ಮನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಬಿದ್ದದ್ದು, ಟ್ಯಾಬಿನ ಪರದೆಯ ಮೇಲೆ ಹಳದಿ ಚೌಕ ಒಂದು ಮಾತಿನಿಂದ ಇನ್ನೊಂದಕ್ಕೆ ಜಾರುತ್ತಲೇ ಇದೆ, ನೀರು, ನೋವು, ದೀಪ, ಕಿಟಕಿ, ಬಾ, ಹೋಗು, ದಡ್ಡಿ, ತಿರುಗಿ ನೀರು, ಬೇಕಾದ ಮಾತಿನ ಮೇಲೆ ಚೌಕ ಬಂದಾಗ ಗುಂಡಿ ಒತ್ತಿದರೆ ಟ್ಯಾಬ್ ಆ ಮಾತನ್ನು ಆಡುತ್ತದೆ, ಅಷ್ಟೇ, ನಾನೇ ಬರೆದ ಪ್ರೋಗ್ರಾಮು, ಲಕ್ವ ಹೊಡೆದು ಮಾತು ಬಿದ್ದುಹೋದ ಅಮ್ಮನಿಗೆ ಉಳಿದಿದ್ದ ಒಂದು ಹೆಬ್ಬೆರಳಿಗಾಗಿ ಬರೆದದ್ದು, ದಡ್ಡಿ ಅನ್ನುವುದನ್ನೂ ಸೇರಿಸಿದ್ದೆ, ಹುಟ್ಟಿದಾಗಿನಿಂದ ನನ್ನನ್ನು ಕರೆದದ್ದೇ ಹಾಗೆ, ಅದಿಲ್ಲದೆ ಅವಳಿಗೆ ಮಾತು ಪೂರ್ತಿ ಆದೀತೇ — ಹೋಗು, ಅಂದಿತು ಟ್ಯಾಬು. ಈಗಲೂ ಹೋಗು. ಹತ್ತಿರ ಬಂದು ಕೂತಾಗಲೆಲ್ಲ ಹೋಗು, ಎದ್ದು ಹೊರಟರೆ ಕಣ್ಣು ತುಂಬಿಕೊಳ್ಳುತ್ತಾಳೆ, ನೋವು ಅಂದಿತೆಂದು ಮಾತ್ರೆ ಕೊಟ್ಟರೆ ಉಗುಳುತ್ತಾಳೆ, ನೀರು ಅಂದಿತೆಂದು ಲೋಟ ಹಿಡಿದರೆ ಹುಬ್ಬು ಗಂಟಿಕ್ಕಿ ಮುಖ ತಿರುಗಿಸುತ್ತಾಳೆ, ದಿಂಬೆಲ್ಲ ಒದ್ದೆ. ಮೊದಲು ಹೀಗಿರಲಿಲ್ಲ, ಎಷ್ಟು ಸರಿಯಾಗಿ ಆಡುತ್ತಿದ್ದಳು. ಮಾತಿನ ಟೀಚರ್, ಅಮ್ಮನಿಗೆ ಮತ್ತೆ ಮಾತು ಕಲಿಸಲು ಬರುವಾಕೆ, ನಿನ್ನೆ ಬಾಗಿಲ ಹತ್ತಿರ ನನ್ನನ್ನು ಕರೆದು, ಬೇಜಾರು ಮಾಡ್ಕೋಬೇಡಿ, ಅವ್ರಿಗೆ ಯಾವ ಮಾತು ಏನು ಅಂತ ಈಗ ಗೊತ್ತಾಗ್ತಿಲ್ಲ ಅನ್ಸುತ್ತೆ, ನಾಡಿದ್ದು ಬಂದು ಇದನ್ನೆಲ್ಲ ತೆಗೆದುಬಿಡ್ತೀನಿ, ಹೌದು, ಇಲ್ಲ, ಎರಡೇ ಮಾತು ಇರ್ಲಿ, ಅಂದಳು. ಎರಡೇ. ಮನೆಯವರೆಲ್ಲ ಉಣ್ಣುವ ಹೊತ್ತಿಗೆ ಇಡೀ ಬೀದಿಯ ಸುದ್ದಿ ಬಡಿಸುತ್ತಿದ್ದವಳಿಗೆ ಎರಡು ಮಾತು. ಅಣ್ಣ ಫೋನಿನಲ್ಲಿ, ನೋಡೇ, ನಿನ್ನ ಪ್ರೋಗ್ರಾಮ್ ಸರಿ ಇದ್ರೆ ಅಮ್ಮನ ತಲೆ ಸರಿ ಇಲ್ಲ ಅಂತಾನೇ ಅರ್ಥ ಅಲ್ವಾ. ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾನೆ, ಆದರೆ ಹೇಳಿದ್ದು ಸುಳ್ಳಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇಷ್ಟು ವರ್ಷ ನಾನು ಬರೆದದ್ದರಲ್ಲಿ ತಪ್ಪಿದೆ ಅಂದರೆ ಆಫೀಸಿನಲ್ಲಿ ಜಗಳಕ್ಕೇ ನಿಲ್ಲುತ್ತಿದ್ದೆ, ಈವತ್ತು ಮಾತ್ರ ದೇವರೇ ಇದರಲ್ಲಿ ಒಂದು ತಪ್ಪು ಇರಲಪ್ಪಾ, ದೊಡ್ಡದೇ ಇರಲಿ, ನಾಚಿಕೆಗೇಡಿನದೇ ಇರಲಿ. ಬೆಳಿಗ್ಗೆಯಿಂದ ಹಾಸಿಗೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಗುಮಾಸ್ತನ ಜೊತೆ ಗುದ್ದಾಡುತ್ತಿದ್ದೇನೆ — ಗುಮಾಸ್ತ ಅಂದರೆ ನನ್ನ ಕೋಡಿಂಗ್ ಸಹಾಯಕ, ಎಐ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು, ಅದಕ್ಕೇ ಆ ಹೆಸರು. ಪ್ರೋಗ್ರಾಮು ಸರಿಯಿದೆಯೇ ಎಂದು ನೋಡಲು ನೀವು ಬರೆದ ಪರೀಕ್ಷೆಗಳೆಲ್ಲ ಪಾಸಾಗಿವೆ, ದೋಷ ಕಾಣುತ್ತಿಲ್ಲ, ಅಂದ. ಇನ್ನೊಮ್ಮೆ ನೋಡು. ನೋಡಿದ, ಕಾಣುತ್ತಿಲ್ಲ. ಹಾಗಾದರೆ ಏನಾದರೂ ಬದಲಿಸು, ಚೌಕವನ್ನು ನಿಧಾನ ಮಾಡು, ಏನೋ ಒಂದು ತೇಪೆ ಹಾಕು ಅಂತ ಬೇಡಿಕೊಂಡೆ, ಅದಕ್ಕೆ ಆ ಪುಣ್ಯಾತ್ಮ, ನೀವು ಕೊಟ್ಟಿರುವ ಸ್ಕಿಲ್ ಪ್ರಕಾರ ತಪ್ಪು ಹೇಗಾಗುತ್ತದೆಂದು ಮತ್ತೆ ಮಾಡಿ ತೋರಿಸದೆ, ಕಾರಣ ಸಿಗದೆ ಒಂದು ಸಾಲನ್ನೂ ಮುಟ್ಟುವಂತಿಲ್ಲ, ಅಂದ. ಹೌದು, ನಾನೇ ಬರೆದುಕೊಟ್ಟ ಪಾಠ, ಸ್ಕಿಲ್ ಅನ್ನುತ್ತಾರೆ ಅದಕ್ಕೆ, ಕೆಲಸದ ರೀತಿ ಹೀಗಿರಬೇಕು ಅಂತ ಸಹಾಯಕನಿಗೆ ಬರೆದಿಡುವುದು, ಹಿಂದೊಮ್ಮೆ ಅವನು ಸಿಕ್ಕಸಿಕ್ಕಲ್ಲಿ ತೇಪೆ ಹಚ್ಚಿ ನನ್ನ ತಲೆ ತಿಂದಾಗ ಸಿಟ್ಟಿನಲ್ಲಿ ಬರೆದದ್ದು, ಈಗ ನನ್ನ ಕೋಲಿನಿಂದ ನನಗೇ ಏಟು. ಆಮೇಲೆ ಕೇಳಿದ, ಪ್ರೋಗ್ರಾಮು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಸೆಯುವ ಒತ್ತುಗಳೇನಾದರೂ ಇವೆಯೇ, ಅವನ್ನೂ ದಾಖಲು ಮಾಡಿ ನೋಡೋಣವೇ.

ಎಸೆಯುವ ಒತ್ತುಗಳು. ಮೊದಮೊದಲು ಅಮ್ಮನ ಬೆರಳು ಎಷ್ಟು ನಡುಗುತ್ತಿತ್ತು, ಗುಂಡಿಯ ಮೇಲೆ ಸುಮ್ಮಸುಮ್ಮನೆ ತಟ್ಟಿ ಟ್ಯಾಬು ಹುಚ್ಚುಹುಚ್ಚಾಗಿ ಮಾತಾಡುತ್ತಿತ್ತು, ಆಗ ನಾನೇ ಅಲ್ಲವೇ ಹಾಕಿದ್ದು, ಬೆರಳು ಒಂದಿಷ್ಟು ಹೊತ್ತು ಕೂತರೆ ಮಾತ್ರ ಒತ್ತು, ತಟ್ಟಿ ಎದ್ದರೆ ಅದು ನಡುಕ, ಬಿಟ್ಟುಬಿಡು — ದಾಖಲು ಮಾಡು, ಅಂದೆ. ಅಮ್ಮಾ, ಇನ್ನೊಂದ್ಸಲ ಒತ್ತಮ್ಮ, ಏನಾದ್ರೂ ಸರಿ. ಅವಳು ನನ್ನನ್ನು ನೋಡಿದ ನೋಟ, ಸಾಕಾಗಿದೆ ಕಣೇ ಅನ್ನುವ ನೋಟ, ಆದರೂ ಒತ್ತಿದಳು, ಈ ಸಲ ನಾನು ಪರದೆ ನೋಡಲಿಲ್ಲ, ಬೆರಳು ನೋಡಿದೆ, ಟಕ್, ಬಿದ್ದದ್ದೇ ತಡ ಎದ್ದಿತು, ಚುರುಕಾಗಿ, ಬಾಗಿಲು ತಟ್ಟುವ ಬೆರಳಿನ ಹಾಗೆ, ಟ್ಯಾಬು ಸುಮ್ಮನಿತ್ತು, ಅವಳು ಹಲ್ಲು ಕಚ್ಚಿ ಮತ್ತೆ ಒತ್ತಿದಳು, ಬಲವಾಗಿ, ಹಿಡಿದು, ಅಷ್ಟರಲ್ಲಿ ಚೌಕ ಪಕ್ಕದ ಮಾತಿಗೆ ಜಾರಿತ್ತು, ಹೋಗು. ಗುಮಾಸ್ತ ಎರಡು ಸಾಲು ತೋರಿಸಿದ, ಮೊದಲನೆಯ ಒತ್ತು ಬಾ ಮೇಲೆ, ನಡುಕವೆಂದು ಎಸೆಯಲಾಗಿದೆ, ಎರಡನೆಯದು ಹೋಗು ಮೇಲೆ, ಆಡಲಾಗಿದೆ. ಪರೀಕ್ಷೆಗಳಲ್ಲಿ ಎಲ್ಲ ಒತ್ತುಗಳೂ ದೀರ್ಘವಾಗಿವೆ, ಆದ್ದರಿಂದ ಪಾಸಾಗುತ್ತಿದ್ದವು, ಅಂದ. ದೀರ್ಘವಾಗಿರದೆ ಇನ್ನೇನು, ಹೊಸದರಲ್ಲಿ ಅಮ್ಮ ಒತ್ತುತ್ತಿದ್ದುದನ್ನೇ ನೋಡಿ ನಾನು ಬರೆದ ಪರೀಕ್ಷೆಗಳು, ಬೇಕೆಂದೇ ಒತ್ತಿದ ಬೆರಳು ಕಲ್ಲಿನ ಹಾಗೆ ಬಿದ್ದು ಏಳಲು ಹೆಣಗುತ್ತಿದ್ದ ಕಾಲದವು. ಅಯ್ಯೋ ಅಮ್ಮಾ. ನಿನ್ನ ತಲೆ ಕೆಟ್ಟಿಲ್ಲ, ನಿನ್ನ ಬೆರಳು ವಾಸಿಯಾಗಿದೆ. ನಿನಗೆ ಹುಷಾರಾದದ್ದನ್ನು ನಾನು ಬರೆದ ಪ್ರೋಗ್ರಾಮು ಕಾಯಿಲೆ ಅಂದುಕೊಂಡು ಎಸೆಯುತ್ತಿತ್ತು, ನೀನು ನೀರು ಅಂದರೆ ನೋವು, ದಡ್ಡಿ ಅಂದರೆ ನೀರು, ಬಾ ಅಂದರೆ ಹೋಗು, ನಾನು ಎದ್ದು ಹೋಗುತ್ತಿದ್ದೆನಲ್ಲ, ಪ್ರತಿ ಸಲವೂ ಎದ್ದು ಹೋಗುತ್ತಿದ್ದೆ. ನಗು ಬಂತು, ಅಳುವೂ ಬಂತು, ಹೋದ ಜೀವ ಬಂದ ಹಾಗಾಯಿತು, ಗುಮಾಸ್ತಾ ಈಗ ಮುಟ್ಟು, ನಡುಕ ನಿಂತಿದೆ, ಆ ಸಾಲನ್ನು ತೆಗೆ, ಚಿಕ್ಕ ಒತ್ತಿಗೂ ಒಂದು ಪರೀಕ್ಷೆ ಬರೆ, ಬರೆದ, ಪಾಸಾಯಿತು, ಅಣ್ಣನಿಗೆ ಫೋನ್ ಮಾಡಬೇಕು, ಟೀಚರ್‌ಗೆ ಹೇಳಬೇಕು, ಬನ್ನಿ ನಾಳೆ, ತೆಗೆಯೋಕಲ್ಲ, ಇನ್ನಷ್ಟು ಮಾತು ಸೇರಿಸೋಕೆ ಬನ್ನಿ, ಇಡೀ ಬೀದಿಯ ಹೆಸರು ಸೇರಿಸೋಣ — ಆಮೇಲೆ, ಅದೆಲ್ಲ ಆಮೇಲೆ. ಒತ್ತಮ್ಮ. ಅವಳಿಗೆ ನಂಬಿಕೆ ಇಲ್ಲ. ಹಳದಿ ಚೌಕ ಒಂದು ಸುತ್ತು ಬಂತು, ಇನ್ನೊಂದು ಸುತ್ತು, ಟಕ್, ನೀರು, ಅಂದಿತು, ಲೋಟ ಹಿಡಿದೆ, ಗಟಗಟ ಕುಡಿದಳು, ಮುಖ ತಿರುಗಿಸಲಿಲ್ಲ, ಕುಡಿದು ನನ್ನನ್ನೇ ನೋಡಿದಳು, ಟಕ್, ಬಾ, ಬಂದೆ, ಇಲ್ಲೇ ಇದ್ದೀನಲ್ಲಮ್ಮ, ಟಕ್, ದಡ್ಡಿ — ಹೌದಮ್ಮ, ಹೌದು, ಇನ್ನೊಂದ್ಸಲ ಅನ್ನು, ಬೆರಳು ಎದ್ದಿದೆ, ಚೌಕ ಬರಲಿ ಅಂತ ಗುಂಡಿಯ ಮೇಲೆ ಕಾಯುತ್ತಿದೆ, ನಡುಗುತ್ತಿಲ್ಲ, ಆ ಹೆಬ್ಬೆರಳು, ಸ್ವಲ್ಪವೂ ನಡುಗುತ್ತಿಲ್ಲ