ಹತ್ತನೇ ನಂಬರ್ ಸ್ಪ್ಯಾನರ್

"ಮತ್ತೆ ಸಡಿಲವಾ ಸರ್?" ಮೆಕ್ಯಾನಿಕ್ಕು ತಲೆ ಎತ್ತದೆ ಕೇಳಿದ.

"ಮತ್ತೆ ಅದೇ ಕಣಯ್ಯ. ಗೇರ್ ಲಿವರ್ ಮಾತ್ರ ಮೇಲೆ ಹೋಗುತ್ತೆ, ಗೇರ್ ಬೀಳಲ್ಲ," ಎಂದರು ಕಂಪೌಂಡರು.

ಆ 'ಸರ್' ಅವರ ಎದೆಗೆ ಚುಚ್ಚಿತು. ಹೋದ ವರ್ಷದವರೆಗೆ ಇದೇ ಬಾಯಿ 'ಮಾವ' ಎನ್ನುತ್ತಿತ್ತು. ಮಗಳಿಗೂ ಇವನಿಗೂ ವಿಚ್ಛೇದನವಾದ ಮೇಲೆ ಅಳಿಯ ಅನ್ನುವಂತಿಲ್ಲ. ಅಳಿಯ ಅಂದು ರೂಢಿಯಾದ ನಾಲಿಗೆಗೆ ಬೇರೆ ಹೆಸರು ಹೊರಳುವುದೂ ಇಲ್ಲ.

ಈ ದೊಡ್ಡ ಟೂರಿಂಗ್ ಬೈಕನ್ನು ಆರಿಸಿಕೊಟ್ಟವನೇ ಅವನು. ರಜೆ ಬಂತೆಂದರೆ ಮಾವ ಅಳಿಯ ಎರಡು ಬೈಕಿನಲ್ಲಿ ಬೆಟ್ಟದ ದಾರಿ ಹಿಡಿಯುತ್ತಿದ್ದರು. "ಅವನನ್ನ ಮದುವೆಯಾದದ್ದು ನೀನೋ ನಿಮ್ಮಪ್ಪನೋ," ಎಂದು ಕಂಪೌಂಡರ ಹೆಂಡತಿ ಮಗಳನ್ನು ರೇಗಿಸುತ್ತಿದ್ದರು. ಆದರೆ ಮಗಳು ಪೆಟ್ಟಿಗೆ ಹಿಡಿದು ತವರಿಗೆ ಬಂದ ದಿನ ಕಂಪೌಂಡರು ಹಿಂದುಮುಂದು ವಿಚಾರಿಸಲಿಲ್ಲ. ನಾಲ್ಕು ಜನರ ಎದುರಿಗೆ ಅಳಿಯನಿಗೆ, "ಇನ್ನು ನೀನು ಯಾರೋ, ನಾನು ಯಾರೋ," ಅಂದುಬಿಟ್ಟರು. "ತಪ್ಪು ನಂದೂ ಇತ್ತಪ್ಪ," ಎಂದು ಮಗಳೇ ಆಮೇಲೆ ಹೇಳಿದಳು. ಏನು ಪ್ರಯೋಜನ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಲೆಂದೇ ಅವರು ಗ್ಯಾರೇಜಿಗೆ ಬರುತ್ತಿದ್ದುದು. ಸುಮ್ಮನೆ ಬರಲು ಮುಖವಿಲ್ಲ. ಹಾಗಾಗಿ ಮನೆಯಲ್ಲೇ ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು ಲಿವರಿನ ಬೋಲ್ಟನ್ನು ತಾವೇ ಸಡಿಲ ಮಾಡಿಕೊಂಡು, ಜೀವ ಕೈಯಲ್ಲಿ ಹಿಡಿದು ಓಡಿಸಿಕೊಂಡು ಬರುವರು. ಅವನು ಬಿಗಿ ಮಾಡುವನು. ಇವರು ಬಿಸಿಲು, ಪೆಟ್ರೋಲು ಅಂತ ಎರಡು ಮಾತಾಡಿ ಹೊರಟುಬಿಡುವರು. ಹೇಳಬೇಕಾದ್ದು ಪ್ರತಿಸಲವೂ ಹಾಗೇ ಉಳಿಯುತ್ತಿತ್ತು.

ಅವನು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಲಿವರನ್ನು ಅಲ್ಲಾಡಿಸಿದ. ಅದಕ್ಕೆ ಜೋಡಿಸಿದ ಸರಳಿನ ಕೀಲು ಹಿಡಿದು ನೋಡಿದ, ಅಲ್ಲಿ ಅಲುಗಾಟವಿಲ್ಲ. ಬೋಲ್ಟನ್ನು ಪೂರ್ತಿ ಬಿಗಿದ. ಆದರೂ ಲಿವರ್ ಜಾರಿತು. ಬಿಚ್ಚಿ ಬೆಳಕಿಗೆ ಹಿಡಿದ.

"ಒಳಗಿನ ಹಲ್ಲೆಲ್ಲಾ ಸವೆದುಹೋಗಿದೆ. ಸಡಿಲ ಇದ್ದಾಗ್ಲೇ ಓಡಿಸಿ ಓಡಿಸಿ ಹೀಗಾಗಿರೋದು." ಆಮೇಲೆ ಬೋಲ್ಟನ್ನು ಬೆರಳಲ್ಲಿ ಹೊರಳಿಸಿದ. "ಇದು ತಾನಾಗೇ ಬಿಚ್ಕೊಂಡಿದ್ದಲ್ಲ. ತಲೆ ಮೇಲೆ ಸ್ಪ್ಯಾನರ್ ಜಾರಿದ ಗಾಯ ಇದೆ. ನನ್ನ ಕೈಯಲ್ಲಿ ಹೀಗಾಗಲ್ಲ."

ಕಂಪೌಂಡರು ನೆಲ ನೋಡಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಲಾರಿ ಮುಂದೆ ಗೇರ್ ಬೀಳದೆ ನಿಂತುಬಿಟ್ಟಿದ್ರೆ ಏನ್ ಗತಿ?" ಅವನು ತಲೆ ಎತ್ತಿ ನೋಡಿದ. "ಸುಮ್ನೆ ಬರಬಹುದಿತ್ತಲ್ಲ."

"ಸುಮ್ನೆ ಬಂದಿದ್ರೆ ಕೂತ್ಕೊಳ್ಳಿ ಅಂತಿದ್ಯಾ?"

ಅವನು ಎದ್ದು ಹೋದ. ಒಳಗಿನಿಂದ ಹೊಸ ಲಿವರ್ ತಂದ. ಮೊದಲಿದ್ದ ಎತ್ತರಕ್ಕೇ, ಕಂಪೌಂಡರ ಬೂಟಿನ ಅಳತೆ ನೋಡದೆಯೇ ಕೂರಿಸಿದ. ಅವರ ಕಾಲು ಅವನಿಗೆ ಗೊತ್ತಿತ್ತು. ಬೋಲ್ಟಿನ ತಿರುಪಿಗೆ ಒಂದು ತೊಟ್ಟು ಅಂಟು ಹಾಕಿ ತಿರುಗಿಸತೊಡಗಿದ.

ಈಗಲ್ಲದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು ಕಂಪೌಂಡರಿಗೆ. "ನೋಡು, ಅವತ್ತು ನಾನು ಹಾಗೆ ಅನ್ನಬಾರದಿತ್ತು..."

"ಬಿಡಿ ಸರ್." ಅವನು ಕೊನೆಯ ಸುತ್ತು ಬಿಗಿದು ಎದ್ದ. "ಯಾರೋ ಅಂದ್ಮೇಲೆ ಯಾರೋನೇ. ಅದನ್ನ ಅಭ್ಯಾಸ ಮಾಡ್ಕೊಳ್ಳೋಕೆ ನಂಗೆ ಬಹಳ ದಿನ ಹಿಡೀತು." ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. "ಅಂಟು ಹಾಕಿದೀನಿ. ಇನ್ನು ಇದು ಸಡಿಲ ಆಗಲ್ಲ. ಇದಕ್ಕೋಸ್ಕರ ನೀವು ಬರೋದು ಬೇಕಿಲ್ಲ."

ಮನೆಯವರೆಗೂ ಒಂದೊಂದು ಗೇರೂ ಕಚ್ಚಿಕೊಂಡು ಬಿತ್ತು. ಇಷ್ಟು ಚೆನ್ನಾಗಿ ಆ ಗಾಡಿ ಎಂದೂ ಓಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಂಪೌಂಡರು ಅಂಗಳದಲ್ಲಿ ಬೈಕಿನ ಪಕ್ಕ ಕೂತರು. ಸ್ಪ್ಯಾನರ್ ಹಚ್ಚಿ ತಿರುಗಿಸಿದರು. ಎರಡೂ ಕೈ ಹಾಕಿ ಜೋರಾಗಿ ಒತ್ತಿದರು. ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ತರಚಿತು.

ಕಿಟಕಿಯಿಂದ ಹೆಂಡತಿ ಇಣುಕಿದರು. "ಮತ್ತೆ ಸಡಿಲ ಆಯ್ತೇನ್ರೀ?"

"ಇಲ್ಲ ಕಣೇ. ಗಟ್ಟಿಯಾಗಿದೆ," ಎಂದರು ಕಂಪೌಂಡರು. ಸ್ಪ್ಯಾನರನ್ನು ಮತ್ತೆ ಬೋಲ್ಟಿಗೆ ಹಚ್ಚಿದರು.