ಊರಿಗೆಲ್ಲ ಒಂದೇ ಹಗ್ಗ

ನಮ್ಮ ಊರಿನಲ್ಲಿ ಹೊಸ ಕಾನೂನು ಬೇಕೆನ್ನುವವನು ಕೊರಳಿಗೆ ದೇವರ ಗುಡಿಯ ಹಗ್ಗ ಹಾಕಿಕೊಂಡೇ ಸಭೆಯ ಮುಂದೆ ನಿಲ್ಲಬೇಕು. ಹೆಚ್ಚು ಕೈಗಳು ಎದ್ದರೆ ಅದು ಕಾನೂನು, ಇಲ್ಲದಿದ್ದರೆ ಹಗ್ಗವನ್ನು ಅಲ್ಲೇ ಬಿಗಿಯುತ್ತಾರೆ. ಬಾಯಿಗೆ ಬಂದದ್ದೆಲ್ಲ ಕಾನೂನಾಗಬಾರದೆಂದು ಹಿರಿಯರು ಮಾಡಿದ ಕಟ್ಟಳೆ. ಒಳ್ಳೆಯದೇ. ಆದರೆ ಅದರ ಮರೆಯಲ್ಲಿ ಕೆಟ್ಟ ಕಾನೂನುಗಳೂ ಸುಖವಾಗಿ ಬಾಳಿದವು. ಅಧಿಕಾರದಲ್ಲಿ ಇರುವವನನ್ನು ನ್ಯಾಯಸ್ಥಾನಕ್ಕೆ ಕರೆಯುವಂತಿಲ್ಲ ಎಂಬುದು ಅಂಥದೊಂದು. ಅಗೇಸಿಮೋಸ್ ಹನ್ನೊಂದು ವರ್ಷದಿಂದ ಅಧಿಕಾರದಲ್ಲೇ ಇದ್ದ. ಊರಿನ ಬುಗ್ಗೆಗೆ ಗೋಡೆ ಕಟ್ಟಿಸಿ ನೀರನ್ನು ತನ್ನ ದ್ರಾಕ್ಷಿತೋಟಕ್ಕೆ ತಿರುಗಿಸಿಕೊಂಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ನನ್ನ ಅಕ್ಕನ ಗಂಡ ಎವಾರ್ಖೊಸ್ ಹೇಳಲು ಹೊರಟ. ಚಪ್ಪಲಿ ಹೊಲಿಯುವ ಮನುಷ್ಯ.

"ತಲೆಗಿಲೆ ಕೆಟ್ಟಿದ್ಯಾ ಭಾವ? ನೀರು ಹಳ್ಳದಲ್ಲೂ ಸಿಗುತ್ತೆ, ಇನ್ನೊಂದು ಕತ್ತು ಎಲ್ಲೂ ಸಿಗಲ್ಲ" ಎಂದೆ.

"ಆ ಹಳ್ಳದ ನೀರು ಕುಡಿದೇ ಅಲ್ವೇನೋ ಮೀಕೋನ್, ನನ್ನ ಮಗಳು ಹೋಗಿದ್ದು? ನೀನು ಮಡಕೆ ಮಾಡ್ಕೊಂಡು ತೆಪ್ಪಗಿರು."

ಸಭೆಯಲ್ಲಿ ಭಾವ ನಾಲ್ಕೇ ಮಾತು ಆಡಿದ. ಅಧಿಕಾರಿಯೂ ನಮ್ಮಂತೆ ನ್ಯಾಯಸ್ಥಾನದಲ್ಲಿ ನಿಂತು ಉತ್ತರ ಹೇಳಲಿ ಎಂದ. ಅಗೇಸಿಮೋಸ್ ಮುಂದಿನ ಕಲ್ಲುಬೆಂಚಿನಲ್ಲಿ ಕೂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ಮೀನು ಮಾರುವ ಸೋಟಿಯೋನ್ ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡ. ಸುಳ್ಳೇಕೆ ಹೇಳಲಿ, ನಾನಂತೂ ಕೈ ಎತ್ತಲೇ ಇಲ್ಲ. ಎದ್ದವು ಹದಿನೈದೋ ಇಪ್ಪತ್ತೋ ಕೈಗಳು.

ಹಗ್ಗ ಎಳೆಯುವವನನ್ನು ಸಭೆಗೆ ಬಂದವರ ಹೆಸರು ಬರೆದ ಮಡಕೆಚೂರುಗಳಲ್ಲಿ ಒಂದನ್ನು ಎತ್ತಿ ಆರಿಸುತ್ತಾರೆ. ಸಭೆಯ ಡಂಗುರ ಸಾರುವ ಮುದುಕ ಡೈನೋನ್ ಗಡಿಗೆಗೆ ಕೈಹಾಕಿ ಒಂದು ಚೂರನ್ನು ತೆಗೆದು ಓದಿದ. ನನ್ನ ಹೆಸರು.

ಹತ್ತಿರ ಹೋದೆ. ಭಾವ ಮೆಲ್ಲಗೆ, "ಬೇಗ ಮುಗಿಸೋ. ನಿಮ್ಮಕ್ಕನ್ನ ನೋಡ್ಕೋ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕುಣಿಕೆಯನ್ನು ಸಡಿಲಿಸಿ ಅವನ ತಲೆಯಿಂದ ತೆಗೆದು ನನ್ನ ಕೊರಳಿಗೆ ಹಾಕಿಕೊಂಡೆ.

"ನಂದೂ ಒಂದು ಕಾನೂನಿದೆ. ನಮ್ಮ ಭಾವ ಹೇಳಿದ್ದೇ!"

ಅಗೇಸಿಮೋಸ್ ಎದ್ದುನಿಂತ. "ಅದು ಬಿದ್ದುಹೋಯ್ತಲ್ಲೋ! ಮೊದಲು ಅವನದ್ದು ಮುಗಿಸು!"

ಡೈನೋನ್ ಕೆಮ್ಮಿದ. "ಯಾವುದ್ರಲ್ಲಿ ಸ್ವಾಮಿ? ದೇವರ ಗುಡಿ ಹಗ್ಗ ಇರೋದು ಒಂದೇ, ಬೇರೇದ್ರಲ್ಲಿ ಬಿಗಿದ್ರೆ ಕೊಲೆ ಆಗುತ್ತೆ. ಕೊರಳಿಗೆ ಹಗ್ಗ ಹಾಕ್ಕೊಂಡು ಬಂದೋನ್ ಮಾತು ಕೇಳಲೇಬೇಕು. ಒಂದೇ ಕಾನೂನನ್ನ ಎಷ್ಟು ಸಲ ಕೇಳ್ಬೋದು ಅಂತ ಹಿರಿಯರು ಹೇಳಿಲ್ಲ."

"ಹಾಗಾದ್ರೆ ಇವನ್ನ ಮುಗಿಸಿ, ಆಮೇಲೆ ಅವನು!"

"ಇವನಾದ್ಮೇಲೆ ನಾನು, ನಂದೂ ಅದೇ ಕಾನೂನು!" ಸೋಟಿಯೋನ್ ಮೀನಿನ ವಾಸನೆಯ ಸಮೇತ ಬಂದು ನನ್ನ ಹಿಂದೆ ನಿಂತ. "ಏ ಮೀಕೋನ್, ಹಗ್ಗಾನ ಬೆವರಲ್ಲಿ ಒದ್ದೆ ಮಾಡ್ಬೇಡ ಮಾರಾಯ, ನಾನೂ ಹಾಕ್ಕೋಬೇಕು."

ಯಾರೋ ನಕ್ಕರು. ಆಮೇಲೆ ಕಮ್ಮಾರ ಎದ್ದು ಬಂದ, ಅವನ ಹಿಂದೆ ಅವನ ಮಾವ, ಅವರ ಹಿಂದೆ ನನಗೆ ಹೆಸರೇ ಗೊತ್ತಿಲ್ಲದ ಇಬ್ಬರು ದೋಣಿಯವರು. ಸಾಲು ಸಭೆಯ ಮೆಟ್ಟಿಲು ದಾಟಿತು. ಅಗೇಸಿಮೋಸ್ ಮುಖಗಳನ್ನು ನೋಡುತ್ತಲೇ ಇದ್ದ, ಆದರೆ ಈಗ ಅವೂ ಅವನನ್ನೇ ನೋಡುತ್ತಿದ್ದವು.

"ಕೈ ಎತ್ತೋರು ಎತ್ತಿ" ಎಂದ ಡೈನೋನ್. ಎಣಿಸಲು ಹೊರಟವನು ಅರ್ಧಕ್ಕೇ ಬಿಟ್ಟು, ಎತ್ತದೇ ಇದ್ದವರನ್ನು ಎಣಿಸಿದ. ಒಂಬತ್ತು ಜನ.

ಭಾವ ನನ್ನ ಕೊರಳಿನ ಕುಣಿಕೆ ಬಿಚ್ಚಲು ಬಂದ. ನಾನು ಅವನ ಕೈ ಸರಿಸಿ ಕಲ್ಲುಬೆಂಚಿನ ಕಡೆ ತಿರುಗಿದೆ.

"ಅಗೇಸಿಮೋಸ್, ನಾಳೆ ಬೆಳಿಗ್ಗೆ ನ್ಯಾಯಸ್ಥಾನಕ್ಕೆ ಬಾ. ಒಂದು ಮಗುವಿನ ಸಾವಿನ ಬಗ್ಗೆ ಕೇಳೋದಿದೆ."