ಜಯದೇವಿಯ ಕೈತುತ್ತು

ಹಣಮಂತರಾಯನ ಮಗ ಶರಣು ನಾಲ್ಕು ವರ್ಷದವನಾದರೂ ಹಾಲು, ಬಿಸ್ಕೀಟು ಬಿಟ್ಟರೆ ಮೂರನೆಯದನ್ನು ಬಾಯಿಗೆ ಸೇರಿಸುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅಜ್ಜಿ ಗುಂಡಮ್ಮ ಮೂಗು ಹಿಡಿದು ಅನ್ನ ತುರುಕಿ ನೋಡಿದ್ದಳು. ಅವನು ಅಷ್ಟನ್ನೂ ಅವಳ ಸೀರೆಯ ಮೇಲೆ ಕಾರಿದ್ದ. ಹಣಮಂತರಾಯನ ಎರಡನೆಯ ಹೆಂಡತಿಯಾಗಿ ಕಮಲಾಪುರದ ಆ ಮನೆಗೆ ಬಂದ ಜಯದೇವಿಗೆ ಹುಡುಗನ ಬಿಳಿಚಿದ ಮುಖ ನೋಡಿ ಕರುಳು ಚುರುಕ್ಕೆಂದಿತು.

ಅವನನ್ನು ಕಲಬುರಗಿಯ ಜೇವರ್ಗಿ ಕಾಲೋನಿಯ ಮಕ್ಕಳ ದವಾಖಾನೆಗೆ ಕರೆದೊಯ್ದಳು. ಮೈಯಲ್ಲಿ ರಕ್ತವೇ ಇಲ್ಲ ಎಂದರು ಡಾಕ್ಟರಮ್ಮ. "ಒತ್ತಾಯ ಮಾಡಬ್ಯಾಡ್ರಿ. ಎದುರಿಗೆ ಕುಂತು ನೀವು ತಿನ್ರಿ, ಒಂದು ಚೂರು ಅವನ ತಾಟಿನ್ಯಾಗ ಇಡ್ರಿ. ತಿನ್ನಲಿಲ್ಲಂದ್ರ ಬೈಬ್ಯಾಡ್ರಿ, ನಾಳೆ ಮತ್ತ ಇಡ್ರಿ."

ಜಯದೇವಿ ಹಾಗೆಯೇ ಮಾಡಿದಳು. ಹುಡುಗ ರೊಟ್ಟಿಯ ಚೂರನ್ನು ಮೂಸಿದ, ಎಸೆದ, ಇನ್ನೊಂದು ದಿನ ನೆಕ್ಕಿದ. "ಖಾರ ಐತೇನು?" ಎಂದು ಕೇಳಿದರೆ, ಖಾರವಿದ್ದದ್ದನ್ನು ಖಾರವೆಂದೇ ಹೇಳಿದಳು. ಒಮ್ಮೆಯೂ ಸುಳ್ಳಾಡಲಿಲ್ಲ, ಅದಕ್ಕೇ ಅವನು ನಂಬಿದ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಸರುಬೇಳೆ, ಮೆಂತ್ಯಪಲ್ಯ, ಕೆಂಬಾಳೆಹಣ್ಣು ಎಲ್ಲವೂ ಒಳಗಿಳಿಯುತ್ತಿದ್ದವು, ಆದರೆ ಅವಳ ಕೈಯಿಂದ ಮಾತ್ರ. "ಅವ್ವಾ" ಎಂದೂ ಕರೆಯತೊಡಗಿದ.

ಇದನ್ನು ಕಂಡು ದೇವರಿಗೆ ಕಾಯಿ ಒಡೆಸಬೇಕಾಗಿದ್ದ ಗುಂಡಮ್ಮನ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಮೊಮ್ಮಗ ತನ್ನ ತುತ್ತು ಉಗುಳಿ, ನಿನ್ನೆ ಮೊನ್ನೆ ಬಂದವಳ ಸೆರಗು ಹಿಡಿದರೆ ಅದಕ್ಕೊಂದು ಕಾರಣ ಬೇಡವೇ? ಹುಡುಕಿದವಳಿಗೆ ಕಾರಣ ಸಿಕ್ಕಿತು.

"ಮದ್ದು ಹಾಕ್ಯಾಳ," ಎಂದಳು ಮಗನಿಗೆ. "ಊಟದಾಗ ಕಲಸಿ ಕೂಸಿನ ಮನಸ್ಸ ಕಟ್ಯಾಳ."

ಹಣಮಂತರಾಯ ತಾಯಿಯ ಮುಖ ನೋಡಲಿಲ್ಲ, ಹೆಂಡತಿಯ ಮುಖವನ್ನೂ ನೋಡಲಿಲ್ಲ. ಅಂಥ ಗಂಡಸರಿಗೆ ಗೋಡೆ ನೋಡುವುದು ಚೆನ್ನಾಗಿ ಬರುತ್ತದೆ.

ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಮದ್ದು ತೆಗೆಯುವ ಮುದುಕಿಯೊಬ್ಬಳಿದ್ದಳು. ಕಷಾಯ ಕುಡಿಸಿ, ವಾಂತಿ ಮಾಡಿಸಿ, ಹೊಟ್ಟೆಯೊಳಗಿನ ಮದ್ದನ್ನು ಹೊರಗೆ ಬೀಳಿಸುತ್ತೇನೆನ್ನುವವಳು. ಮನೆಮಂದಿಯೆಲ್ಲ ಬಸ್ಸು ಹತ್ತಿ ಅಲ್ಲಿಗೆ ಹೋದರು. ಕಪ್ಪು ಕಷಾಯದ ಬಟ್ಟಲು ಕಂಡದ್ದೇ ಶರಣು ಹಲ್ಲು ಕಚ್ಚಿ ಕೂತ. ಮುದುಕಿ ಗದರಿದಳು, ಗುಂಡಮ್ಮ ಗಲ್ಲ ಹಿಂಡಿದಳು, ಅವನು ಬಾಯಿ ಬಿಚ್ಚಲಿಲ್ಲ.

"ನಿನ್ನ ಕೈಯಿಂದಾದ್ರ ಕುಡೀತಾನ. ನೀನ ಕುಡಸು," ಎಂದಳು ಗುಂಡಮ್ಮ ಸೊಸೆಗೆ. "ಏನೂ ಹಾಕಿಲ್ಲಂದ್ರ ಅಂಜಿಕಿ ಯಾಕ?"

ಕುಡಿಸದಿದ್ದರೆ ತಪ್ಪು ಒಪ್ಪಿಕೊಂಡಂತೆ. ಮನೆಯಿಂದ ಹೊರಗೆ ಹಾಕುತ್ತಾರೆ, ಹುಡುಗ ಮತ್ತೆ ಅದೇ ಬಿಸ್ಕೀಟಿಗೆ ಬೀಳುತ್ತಾನೆ. ಹೀಗೆಲ್ಲ ಲೆಕ್ಕ ಹಾಕಿ ಜಯದೇವಿ ಬಟ್ಟಲು ತೆಗೆದುಕೊಂಡಳು.

ಶರಣು ಅವಳನ್ನೇ ನೋಡಿದ. "ಕಹಿ ಐತೇನವ್ವಾ?"

"ಇಲ್ಲಪಾ. ಚಲೋ ಐತಿ."

ಅವನು ಬಾಯಿ ತೆರೆದ.

ಪೂರ್ತಿ ಕುಡಿದ. ಆಮೇಲೆ ಕರುಳು ಕಿತ್ತು ಬರುವಂತೆ ಕಾರಿದ. ಮುದುಕಿ ಅದರಲ್ಲಿ ಕೈಯಾಡಿಸಿ ಕೂದಲಿನ ಉಂಡೆಯೊಂದನ್ನು ಎತ್ತಿ ತೋರಿಸಿದಳು. ಅದು ಅವಳ ಬೆರಳ ಸಂದಿಯಲ್ಲಿ ಮೊದಲೇ ಇದ್ದದ್ದನ್ನು ಜಯದೇವಿ ಕಂಡಿದ್ದಳು. ಹೇಳಿದರೆ ಕೇಳುವವರು ಯಾರು?

ಆ ಸಂಜೆ ಅವಳು ತುತ್ತು ಹಿಡಿದಾಗ ಶರಣು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಮರುದಿನವೂ ಅಷ್ಟೇ. ಅಜ್ಜಿಯ ಮಗ್ಗುಲಿಗೆ ಸರಿದು, ಹಾಲಿನಲ್ಲಿ ಬಿಸ್ಕೀಟು ಅದ್ದಿ ತಿಂದ. ಜಯದೇವಿ ಒಲೆಯ ಮುಂದೆ ಕೂತು ತನ್ನ ನಾಲಿಗೆಯನ್ನೇ ಶಪಿಸಿಕೊಂಡಳು.

ಹೊರಗೆ ಗುಂಡಮ್ಮ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ನೋಡ್ರಿ, ಮದ್ದು ಬಿದ್ದಿದ್ದ ತಡ, ಕೂಸು ಆಕಿ ಹಂತ್ಯಾಕೂ ಹೋಗವಲ್ದು."